ಬೆಣೆ

ನಮಗೆ ರೇಖಾಗಣಿತ ಹೇಳಿಕೊಟ್ಟ ಸ್ಟ್ರೌಡ್ ಮೇಷ್ಟ್ರ ಮೂಗು
ಎರಡು ಕಡೆ ಮುರಿದಿತ್ತು,
ಉಸಿರೆಳೆದರೆ ಹಳೇ ತಿದಿಯ ಸದ್ದು.
ಬಲಗೈಯ ಕಿರುಬೆರಳು ಸೊಟ್ಟಗೆ ಹೊರಚಾಚಿ
ಸೀಮೆಸುಣ್ಣ ಹಿಡಿದಾಗಲೆಲ್ಲ
ಗೋಡೆಯಾಚೆ ಯಾರನ್ನೋ ತೋರಿಸುತ್ತಿತ್ತು.
ಯಾರನ್ನು ಅಂತ ಗೊತ್ತಿದ್ದದ್ದು ಊರಲ್ಲಿ ಇಬ್ಬರಿಗೆ:
ಅವರಿಗೆ, ಮತ್ತು ಅಂಚೆ ಕಿಟಕಿಯ ಹಿಂದೆ ಕೂರುವ ನನ್ನಮ್ಮನಿಗೆ.

ಹುಡುಗರ ಬಾಯಲ್ಲಿ ಬೇರೆಯೇ ಸ್ಟ್ರೌಡ್.
ತೊಂಬತ್ತೆರಡರಲ್ಲಿ ಕಾಲೇಜು ತಂಡದ ಕ್ಯಾಪ್ಟನ್ನು;
ಶಿರಸ್ತ್ರಾಣ ಇನ್ನೂ ಹುಟ್ಟದ ಕಾಲ,
ಬೇಸಿಗೆಯಿಂದಲೇ ಕೂದಲು ಬಿಟ್ಟು
ಆ ಜುಟ್ಟನ್ನೇ ನಂಬಿ ತಲೆಯೊಡ್ಡಿದವರು.
ಮೂರು ಸರದಿಯಲ್ಲಿ ಐದು ಗಜ ಮುಂದೆ ಹೋದರೆ ಚೆಂಡು ನಿನ್ನದು;
ನಿಯಮ ಅಷ್ಟೇ, ಉಳಿದದ್ದೆಲ್ಲ ಮೊಣಕೈ.
ತಿಬೋನ ಕ್ಷೌರದಂಗಡಿಯಲ್ಲಿ ಇಂದಿಗೂ ಆ ತಂಡದ ಪಟ:
ಹನ್ನೊಂದು ಜನ, ಎದೆಮೇಲೆ ಕಟ್ಟಿದ ಕೈ,
ಕಾಲ ಬಳಿ ಚೆಂಡು, ಯಾವುದೋ ಹಕ್ಕಿ ಮೊಟ್ಟೆಯಿಟ್ಟು ಮರೆತ ಹಾಗೆ.

ತರಬೇತಿ ಕೊಡಿ ಎಂದು ಎಲೆ ಉದುರುವ ಕಾಲಕ್ಕೆ ಹುಡುಗರು ಕೇಳುವುದು,
"ಹನ್ನೆರಡನೇ ಪ್ರಮೇಯ ಬರೆದಿರಾ?" ಎಂದು ಅವರು ಕೇಳುವುದು.

ಒಂದು ಸೋಮವಾರ, ಸೇಬಿನ ಪೆಟ್ಟಿಗೆ ಒಡೆದ ಪಟ್ಟಿಗಳನ್ನು ತಂದರು.
ನಾಲ್ಕಕ್ಕೆ ಮೊಳೆ ಹೊಡೆದು ಚೌಕ; ಮೂರಕ್ಕೆ, ತ್ರಿಕೋನ.
"ತಳ್ಳಿ ನೋಡು" ಎಂದು ನನ್ನ ಕೈಗೆ ಕೊಟ್ಟರು.
ಚೌಕ ಒಂದು ಬೆರಳಿಗೇ ವಾಲಿತು, ಕುಡಿದವನಂತೆ.
ತ್ರಿಕೋನವನ್ನು ಇಡೀ ಮೈ ಹಾಕಿ ಒತ್ತಿದೆ. ಜಗ್ಗಲಿಲ್ಲ.
"ಮಣಿಯದ ಆಕಾರ ಇದೊಂದೇ" ಎಂದವರು
ಅದರ ತುದಿಯನ್ನು ಹೆಬ್ಬೆರಳಿಂದ ಸವರುತ್ತ
ಗಂಟೆ ಹೊಡೆಯುವ ತನಕ ಇನ್ನೇನೂ ಹೇಳಲಿಲ್ಲ.

ಪ್ರತಿ ತಿಂಗಳ ಮೊದಲ ಶನಿವಾರ ಮೂರು ಡಾಲರಿನ ಮನಿಯಾರ್ಡರು.
ಎನಾಕ್ ಪಿಂಗ್ರಿ, ಗಿರಣಿ ರಸ್ತೆ, ಹಾಲೋವೆ ಬ್ರಿಜ್, ವರ್ಮಾಂಟ್.
ಸಂಬಳ ಬಂದರೂ,
ಹಿಮ ಕಟ್ಟಿ ಶಾಲೆ ಮುಚ್ಚಿ ಸಂಬಳ ಬಾರದಿದ್ದರೂ.
ಹದಿನೇಳು ವರ್ಷ.
"ಅಂಚೆಯವಳಿಗೆ ಕಣ್ಣಿರಬೇಕು, ಬಾಯಿರಬಾರದು" ಎನ್ನುತ್ತಿದ್ದ ಅಮ್ಮ
ಒಮ್ಮೆ ಜ್ವರದ ರಾತ್ರಿ ಇಷ್ಟು ಹೇಳಿದಳು:
ಒಬ್ಬರ ನಡುಪಟ್ಟಿ ಒಬ್ಬರು ಹಿಡಿದು ಇಡೀ ತಂಡ ಬೆಣೆಯಾಗಿ ನುಗ್ಗಿದ್ದು,
ತುದಿಯಲ್ಲಿ ಸ್ಟ್ರೌಡ್,
ಎದುರಿಗೆ ಕಾಲೂರಿ ನಿಂತ ಪಕ್ಕದ ಕಾಲೇಜಿನ ಪಿಂಗ್ರಿ.
ಮರ ಸೀಳುವ ಬೆಣೆಗೆ ಮರದ ಮೇಲೆ ಸಿಟ್ಟಿರುವುದಿಲ್ಲ.
ಅಂದಿನಿಂದ ಅವನಿಗೆ ಸೊಂಟದ ಕೆಳಗೆ ಕಾಲು ಇದ್ದೂ ಇಲ್ಲ.
ಐದಲ್ಲ, ಇಪ್ಪತ್ತು ಗಜ ಸಿಕ್ಕಿತಂತೆ ಆ ಸರದಿಗೆ.

ನವೆಂಬರಿನಲ್ಲಿ ದುಡ್ಡು ವಾಪಸು ಬಂತು.
ಲಕೋಟೆಯ ಮೇಲೆ ನೇರಳೆ ಮುದ್ರೆ: ಪಡೆಯುವವರಿಲ್ಲ.
ಅಮ್ಮ ನನ್ನ ಕೈಲೇ ಕಳಿಸಿದಳು.
ಮೇಷ್ಟ್ರು ಓದಿ, ಪುಸ್ತಕದೊಳಗೆ ಗುರುತಿಗಿಟ್ಟು,
ಅರ್ಧಕ್ಕೆ ನಿಂತಿದ್ದ ಸಾಧನೆ ಮುಂದುವರಿಸಿದರು.
ಮೂರನೇ ಸಾಲಿನಲ್ಲಿ ತಪ್ಪಿದರು.
ಹಿಂದಿನ ಬೆಂಚಿನ ವಿನಿಫ್ರೆಡ್ ಟಟಲ್ ಕೈಯೆತ್ತಿ ತಿದ್ದಿದಳು.
"ಸರಿ" ಎಂದರು. "ನೀನು ಸರಿ."

ಸಂಜೆ, ಯಾವತ್ತೂ ಇಳಿಯದವರು, ಮೈದಾನಕ್ಕಿಳಿದರು.
ಕೆಸರಲ್ಲಿ ಹುಡುಗರು, ಕ್ಷೌರದಂಗಡಿಯ ಕತೆ ಕೇಳಿ ಬೆಳೆದವರು,
ಮೈಗೆ ಮೈ ಬಿಗಿದು ಆ ಹಳೇ ಬೆಣೆ ಕಟ್ಟುತ್ತಿದ್ದರು.
ಮೇಷ್ಟ್ರು ಕೋಟು ಕೂಡ ಬಿಚ್ಚದೆ ನಡುವೆ ಹೊಕ್ಕು
ಒಂದೊಂದೇ ಕೈಯನ್ನು ಒಂದೊಂದೇ ಪಟ್ಟಿಯಿಂದ ಬಿಡಿಸಿದರು,
ಮಗು ಮಲಗಿದ ಕೋಣೆಯ ಚಿಲಕ ತೆಗೆಯುವಷ್ಟು ಮೆಲ್ಲಗೆ.
"ದೂರ ದೂರ ನಿಲ್ಲಿ. ಇನ್ನೂ ದೂರ.
ಈಗ ಒಬ್ಬೊಬ್ಬರೇ ಓಡಿ."
ಓಡಿದರು, ಎಡವಿದರು, ಚೆಂಡು ತನಗೆ ಬೇಕಾದ ಕಡೆ ಪುಟಿಯಿತು;
ಆ ವರ್ಷ ಒಂದು ಪಂದ್ಯವನ್ನೂ ನಮ್ಮೂರು ಗೆಲ್ಲಲಿಲ್ಲ.

ಡಿಸೆಂಬರಿನ ಮೊದಲ ಶನಿವಾರ ಸಾಲಿನಲ್ಲಿ ನಿಂತಿದ್ದರು.
ಕಿಟಕಿ ತಲುಪಿದ ಮೇಲೆ ತಡವರಿಸಿ
ಎರಡು ಸೆಂಟಿನ ಒಂದು ಅಂಚೆಚೀಟಿ ಕೇಳಿದರು.
ಅಮ್ಮ ಹರಿದುಕೊಟ್ಟಳು, ಲೆಕ್ಕಕ್ಕೆ ಬರೆದುಕೊಂಡಳು.
ಅಂಗೈಯಲ್ಲಿ ಅದನ್ನಿಟ್ಟು, ಬಾಗಿಲ ಗಾಳಿಗೆ ಹಾರದಂತೆ,
ಆ ಸೊಟ್ಟ ಬೆರಳನ್ನೂ ಸೇರಿಸಿ ಮುಷ್ಟಿ ಮಡಚಲು ನೋಡಿದರು.
ಅದು ಮಣಿಯಲಿಲ್ಲ.